ಹುಲ್ಲಿನ ಬುಡದ ಬದುಕು

     

ಕಡಲಹುಲ್ಲಿನ ಬಗ್ಗೆ ನನ್ನದೊಂದು ಹಳೆಯ ಜಗಳವಿದೆ. ಕಡಲಹುಲ್ಲೆಂದರೆ ಕಡಲಹಸುವಿನ ಮೇವು, ಅಷ್ಟೇ ಎಂಬ ಪಂಥ ನಮ್ಮಲ್ಲಿ ಬಲವಾಗಿದೆ. 2022ರಲ್ಲಿ ತಮಿಳುನಾಡು ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಕಡಲಹಸುವಿಗಾಗಿ ಮೀಸಲಿಟ್ಟಿತು. ಅದು ಒಳ್ಳೆಯ ಕೆಲಸ, ಅನುಮಾನವಿಲ್ಲ. ನನ್ನ ತಕರಾರು ಇಷ್ಟೇ: ಆ ಮೇವು ಬೇರೂರಿ ನಿಂತದ್ದು ಯಾರ ದಯೆಯಿಂದ?

ಹುಲ್ಲಿನ ಬುಡದಲ್ಲಿ ಉದುರಿದ ಎಲೆ ಕೊಳೆಯುತ್ತದೆ. ಆಮ್ಲಜನಕವಿಲ್ಲದ ಆ ಕಪ್ಪು ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಸಲ್ಫೈಡ್ ಹುಟ್ಟುತ್ತದೆ. ಬೇರಿಗೆ ಅದು ವಿಷ. ತಾನು ಉದುರಿಸಿದ ಎಲೆಯಿಂದಲೇ ಹುಲ್ಲು ಸಾಯಬೇಕಿತ್ತು. ಸಾಯದಿರುವುದಕ್ಕೆ ಲೂಸಿನಿಡ್ ಕುಟುಂಬದ ಚಿಪ್ಪುಜೀವಿಗಳು ಒಂದು ದೊಡ್ಡ ಕಾರಣ. ನಮ್ಮ ಕರಾವಳಿಯ ಮರುವಾಯಿಯಂತೆ ಇವಕ್ಕೂ ಎರಡು ಚಿಪ್ಪು. ಆದರೆ ಇವುಗಳ ಕಿವಿರಿನೊಳಗೆ ಬ್ಯಾಕ್ಟೀರಿಯಾಗಳು ಮನೆಮಾಡಿವೆ. ಸಲ್ಫೈಡನ್ನು ಉರಿಸಿ ಅವು ಶಕ್ತಿ ಪಡೆಯುತ್ತವೆ, ಚಿಪ್ಪುಜೀವಿಗೂ ಉಣಿಸುತ್ತವೆ. ಹುಲ್ಲು ತನ್ನ ಬೇರಿನಿಂದ ಕೆಸರಿಗೆ ಆಮ್ಲಜನಕ ಬಿಡುತ್ತದೆ, ಆ ಉರಿತಕ್ಕೆ ಬೇಕಾದದ್ದೂ ಅದೇ. ಮೂವರ ಈ ಒಡನಾಟವನ್ನು 2012ರಲ್ಲಿ ಡಚ್ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು: ಜೊತೆಗಿಟ್ಟಾಗ ಹುಲ್ಲೂ ಹೆಚ್ಚು ಬೆಳೆಯಿತು, ಚಿಪ್ಪುಜೀವಿಯೂ ಪುಷ್ಟವಾಯಿತು. ಜಗತ್ತಿನ ಹಳೆಯ ಅಧ್ಯಯನಗಳನ್ನೆಲ್ಲ ಅವರು ಜಾಲಾಡಿದಾಗ, ಉಷ್ಣವಲಯದ ಶೇ 97ರಷ್ಟು ಹುಲ್ಲುಗಾವಲುಗಳಲ್ಲಿ ಈ ಚಿಪ್ಪುಗಳಿದ್ದವು.

ಮಾರಿಟೇನಿಯಾದ ಬಾಂಕ್ ದಾರ್ಗ್ವಿನ್ ಕರಾವಳಿಯಲ್ಲಿ ಈ ನಂಟು ಮುರಿದದ್ದನ್ನೂ ಕಂಡಿದ್ದಾರೆ. ಇಳಿತದಲ್ಲಿ ಬಯಲಾದ ಹುಲ್ಲು ಬಿಸಿಲಿಗೆ ಬಾಡಿತು, ಚಿಪ್ಪುಜೀವಿಗಳು ಕಡಿಮೆಯಾದವು, ಸಲ್ಫೈಡ್ ಏರಿತು, ಇನ್ನಷ್ಟು ಹುಲ್ಲು ಸತ್ತಿತು.

ಇಷ್ಟೆಲ್ಲ ತಿಳಿದ ಮೇಲೂ ಹುಲ್ಲುಗಾವಲಿನ ಆರೋಗ್ಯವನ್ನು ದೋಣಿಯಿಂದಲೋ ಡ್ರೋನ್‌ನಿಂದಲೋ ಕಡಲಹಸು ಎಣಿಸಿ ಅಳೆದರೆ ಸಾಲದು. ಸಂರಕ್ಷಣೆಯ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ: ಮುಂದಿನ ಸಮೀಕ್ಷೆಗೆ ಇಳಿಯುವಾಗ ಜರಡಿಯನ್ನೂ ಒಯ್ಯಿರಿ, ಕೆಸರನ್ನು ಸೋಸಿ, ಸಿಕ್ಕ ಚಿಪ್ಪುಗಳನ್ನೂ ಲೆಕ್ಕಕ್ಕೆ ಬರೆಯಿರಿ.