ಮುಖವಾಡ ಬೇಕಿಲ್ಲದ ಭಯ

ಜೂನ್ ಹರ್ ಅವರ 'ದಿ ಫಾರೆಸ್ಟ್ ಆಫ್ ಸ್ಟೋಲನ್ ಗರ್ಲ್ಸ್' ಕಾದಂಬರಿ 2021ರಲ್ಲಿ ಪ್ರಕಟವಾದಂದಿನಿಂದ ಅದನ್ನು ಮೆಚ್ಚಿದವರ ಬಾಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು. ಇದು ವಾತಾವರಣದ ಕಾದಂಬರಿ ಎನ್ನುತ್ತಾರೆ. ಮಂಜು ಕವಿದ ದ್ವೀಪ, ಒಳಹೊಕ್ಕವರು ಹಿಂದಿರುಗದ ಕಾಡು, ಬಿಳಿ ಮುಖವಾಡ ಹಾಕಿದ ಆಕೃತಿ, ಮೈಮೇಲೆ ದೈವ ಬರುವ ಹೆಂಗಸು, ಇಷ್ಟು ಸಿಕ್ಕಿದರೆ ಗಾಥಿಕ್ ಎಂಬ ಹಣೆಪಟ್ಟಿ ಹಚ್ಚಲು ಇನ್ನೇನೂ ಬೇಕಾಗುವುದಿಲ್ಲ. ಮೆಚ್ಚುಗೆಯೆಲ್ಲ ಮೈ ನಡುಗಿಸುವ ಆ ಚಳಿಗೆ ಸಲ್ಲುತ್ತದೆ. ಇತಿಹಾಸ ಮಾತ್ರ ಹಿಂದಿನ ಪರದೆ ಎನಿಸಿಕೊಂಡು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಓದು ಕಾದಂಬರಿಯನ್ನು ತಲೆಕೆಳಗು ಹಿಡಿದಿದೆ ಎಂಬುದು ನನ್ನ ವಾದ. ಪುಸ್ತಕದ ಬಲವೆಲ್ಲ ಆ ಪರದೆಯಲ್ಲೇ ಇದೆ. ಮಂಜನ್ನೂ ಮುಖವಾಡವನ್ನೂ ನೆಚ್ಚಿದ ಕಡೆಯಲ್ಲೆಲ್ಲ ಅದು ಸೊರಗಿದೆ.

ಕತೆ 1426ರದು. ಕೊರಿಯಾದ ಜೋಸನ್ ವಂಶದ ಸೆಜೊಂಗ್ ಪಟ್ಟಕ್ಕೆ ಬಂದು ಆಗ ಎಂಟು ವರ್ಷ. ದಕ್ಷಿಣದ ಜೆಜು ದ್ವೀಪದಲ್ಲಿ 13 ಹುಡುಗಿಯರು ಕಾಣೆಯಾಗಿದ್ದಾರೆ. ತನಿಖೆಗೆ ಹೋದ ಪತ್ತೇದಾರ ಮಿನ್ ಕೂಡ ಕಾಣೆಯಾಗಿದ್ದಾನೆ. ಅವನನ್ನು ಹುಡುಕಿಕೊಂಡು ಹಿರಿಯ ಮಗಳು ಹ್ವಾನಿ ದ್ವೀಪಕ್ಕೆ ಬರುತ್ತಾಳೆ. ಕಿರಿಯಳಾದ ಮೆವೋಲ್ ಅಲ್ಲೇ ನೊಕ್ಯಂಗ್ ಎಂಬ ದೈವಪಾತ್ರಿಯ ಆಶ್ರಯದಲ್ಲಿ ಬೆಳೆದವಳು. ಹಿಂದೊಮ್ಮೆ ಈ ಅಕ್ಕತಂಗಿಯರು ಕಾಡಿನಲ್ಲಿ, ಸತ್ತ ಹುಡುಗಿಯೊಬ್ಬಳ ಹತ್ತಿರ, ಪ್ರಜ್ಞೆಯಿಲ್ಲದೆ ಸಿಕ್ಕಿದ್ದರು. ಅಂದು ನಡೆದದ್ದು ಹ್ವಾನಿಯ ನೆನಪಿನಿಂದ ಅಳಿಸಿಹೋಗಿದೆ. ಅವಳಿಗೆ ಅಪ್ಪ ದೇವರ ಸಮಾನ. ತಂಗಿಗೆ ಅವನು ತನ್ನನ್ನು ಬಿಟ್ಟುಹೋದ ಮನುಷ್ಯ. ಇಬ್ಬರೂ ಒಂದೇ ಅಪ್ಪನನ್ನು ಹುಡುಕುತ್ತಾರೆ, ಆದರೆ ಇಬ್ಬರ ಮನಸ್ಸಿನಲ್ಲಿರುವ ಅಪ್ಪ ಒಬ್ಬನಲ್ಲ. ಈ ಎಳೆಯನ್ನು ಹರ್ ತುಂಬ ಚೆನ್ನಾಗಿ ನೇಯ್ದಿದ್ದಾರೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಭಯದ ಮೂಲದ ಬಗ್ಗೆ. ಹುಡುಗಿಯರ ಕಣ್ಮರೆಯ ಹಿಂದಿರುವುದು ಕಪ್ಪಕಾಣಿಕೆಯ ಪದ್ಧತಿ. ಕೊರಿಯಾದ ದೊರೆಗಳು ಚೀನಾದ ಚಕ್ರವರ್ತಿಗಳಿಗೆ ಕುದುರೆ, ಬಟ್ಟೆಗಳ ಜೊತೆಗೆ ಹೆಣ್ಣುಮಕ್ಕಳನ್ನೂ ಕಳಿಸಬೇಕಾಗಿತ್ತು. ಮಂಗೋಲರ ಯುವಾನ್ ಆಳ್ವಿಕೆಯ ಕಾಲದಲ್ಲಿ, ಆಗಿನ ಗೊರಿಯೊ ರಾಜ್ಯದಿಂದ, ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. 1335ರಲ್ಲಿ ಯಿ ಗೊಕ್ ಎಂಬ ವಿದ್ವಾಂಸ ಇದನ್ನು ನಿಲ್ಲಿಸಬೇಕೆಂದು ಯುವಾನ್ ಚಕ್ರವರ್ತಿಗೆ ಮನವಿ ಬರೆದ. ಹೆಣ್ಣು ಹುಟ್ಟಿದರೆ ನೆರೆಯವರಿಗೂ ತಿಳಿಯದಂತೆ ಬಚ್ಚಿಡುತ್ತಾರೆ, ಚೀನಾದಿಂದ ದೂತ ಬಂದನೆಂದರೆ ಊರೆಲ್ಲ ಬಿಳಿಚಿಕೊಳ್ಳುತ್ತದೆ, ಅಗಲಿಕೆ ತಾಳದೆ ಬಾವಿಗೆ ಹಾರುವವರಿದ್ದಾರೆ ಎಂದು ಅವನು ಅದರಲ್ಲಿ ಅರಿಕೆ ಮಾಡಿಕೊಂಡಿದ್ದ. ಹರ್ ಅವರ ಕಾದಂಬರಿ ಬೇರುಬಿಟ್ಟಿರುವುದು ಆ ಮನವಿಯ ಮಣ್ಣಿನಲ್ಲಿ. ಅದರಲ್ಲಿ ಭೂತವಿಲ್ಲ, ಶಾಪವಿಲ್ಲ. ಇರುವುದು ಆಜ್ಞೆ, ಅಧಿಕಾರಿ ಮತ್ತು ಮನೆಮನೆಯ ತಪಾಸಣೆ.

ಯುವಾನರ ನಂತರ ಚೀನಾವನ್ನು ಆಳಿದ ಮಿಂಗರ ಕಾಲಕ್ಕೆ ಸಂಖ್ಯೆ ಇಳಿಯಿತು, ಪದ್ಧತಿ ಉಳಿಯಿತು. 1408ರಿಂದ 1433ರವರೆಗೆ ಏಳು ಸಲ, ಒಟ್ಟು 114 ಮಂದಿ ಹೋದರು. ಅವರಲ್ಲಿ 16 ಮಂದಿ ಅಂತಃಪುರಕ್ಕೆಂದು ಆರಿಸಿದ ಕನ್ಯೆಯರು. ಉಳಿದವರು ದಾಸಿಯರು, ಅಡುಗೆಯವರು, ಹಾಡುಕುಣಿತದವರು. ಆಯ್ಕೆ ಮುಗಿಯುವವರೆಗೆ ದೇಶದಲ್ಲಿ ಮದುವೆಗಳಿಗೆ ನಿಷೇಧ. 1408ರಲ್ಲಿ ಮಿಂಗ್ ದೂತನ ಮುಂದೆ ನಿಂತ ಅಧಿಕಾರಿಗಳ ಹೆಣ್ಣುಮಕ್ಕಳಲ್ಲಿ ಒಬ್ಬಳು ಪಾರ್ಶ್ವವಾಯು ಬಡಿದವಳಂತೆ ನಟಿಸಿದಳು, ಇನ್ನೊಬ್ಬಳು ಕುಂಟಿದಳು. ಅದಕ್ಕೆ ಅವರ ತಂದೆಯರಿಗೆ ಶಿಕ್ಷೆಯಾಯಿತು. ಇವೆಲ್ಲ ಜೋಸನ್ ಆಸ್ಥಾನದ ದಿನಚರಿಯಲ್ಲಿ ದಾಖಲಾಗಿರುವ ಸಂಗತಿಗಳು.

ಕಾದಂಬರಿಯ ಕಾಲಕ್ಕೆ ತೀರ ಹತ್ತಿರದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಹಾನ್ ಹ್ವಾಕ್ ಎಂಬ ಕುಲೀನನ ಅಕ್ಕ ಯೊಂಗ್ಲೆ ಚಕ್ರವರ್ತಿಯ ಅಂತಃಪುರ ಸೇರಿದ್ದಳು. 1424ರಲ್ಲಿ ಚಕ್ರವರ್ತಿ ಸತ್ತಾಗ ಮೂವತ್ತಕ್ಕೂ ಹೆಚ್ಚು ಅಂತಃಪುರದ ಹೆಂಗಸರನ್ನು ನೇಣಿಗೇರಿಸಿ ಅವನ ಜೊತೆ ಕಳಿಸಿದರು. ಅವರಲ್ಲಿ ಅವಳೂ ಒಬ್ಬಳು. ಅವಳ ದಾದಿ ಕಿಮ್ ಹುಕ್ ಬದುಕುಳಿದು 1435ರಲ್ಲಿ ತಾಯ್ನಾಡಿಗೆ ಮರಳಿದ್ದರಿಂದ ಆ ಸಾವಿನ ವಿವರ ನಮಗೆ ಸಿಕ್ಕಿದೆ. ಈ ನಡುವೆ ಹೊಸ ಚಕ್ರವರ್ತಿಗೆ ಹೆಣ್ಣು ಬೇಕೆಂಬ ಆಜ್ಞೆ ಬಂತು. 1427ರಲ್ಲಿ ಆಯ್ಕೆಯಾದವಳು ಅದೇ ಮನೆಯ ತಂಗಿ. ಅವಳು ಕಾಯಿಲೆ ಬಿದ್ದಾಗ ಹಾನ್ ಹ್ವಾಕ್ ಔಷಧಿ ತಂದುಕೊಟ್ಟ. ಒಬ್ಬಳನ್ನು ಮಾರಿ ಬಂದ ಸಿರಿ ಸಾಲದೆ, ಇನ್ನು ಯಾರಿಗಾಗಿ ಈ ಔಷಧಿ ಎಂದು ಅವಳು ಕೇಳಿದಳು. ಮದುವೆಗೆಂದು ಮಾಡಿಟ್ಟಿದ್ದ ಹಾಸಿಗೆಯನ್ನು ಚೂರಿಯಿಂದ ಸೀಳಿ, ಕೂಡಿಟ್ಟಿದ್ದನ್ನೆಲ್ಲ ಬಂಧುಗಳಿಗೆ ಹಂಚಿಬಿಟ್ಟಳು. 1428ರಲ್ಲಿ ಅವಳು ಹೊರಟಾಗ ಬೀದಿಯಲ್ಲಿ ಕಣ್ಣೀರಿಟ್ಟು ನಿಂತ ಜನ ಅದನ್ನು ಜೀವಂತವಿರುವವಳ ಶವಯಾತ್ರೆ ಎಂದರು. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವಳು ಮಿಂಗ್ ಅರಮನೆಯಲ್ಲೇ ಇದ್ದು 1483ರಲ್ಲಿ ತೀರಿಕೊಂಡಳು.

ಈ ಪ್ರಸಂಗದಲ್ಲಿ ಕಾಡಿಲ್ಲ, ಮಂಜಿಲ್ಲ. ಹಾಡುಹಗಲು, ರಾಜಬೀದಿ, ಸಾಲುಗಟ್ಟಿ ನಿಂತ ಜನ. ಕರೆದುಕೊಂಡು ಹೋಗುವವರ ಮುಖವೂ ಹೆಸರೂ ಹುದ್ದೆಯೂ ಎಲ್ಲರಿಗೂ ಗೊತ್ತು. ಕಾದಂಬರಿಯ ಮುಖವಾಡದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಇಲ್ಲಿಂದ ಹುಟ್ಟುತ್ತದೆ. ಮುಖವಾಡ ಬೇಕಾಗುವುದು ಗುಟ್ಟಾಗಿ ಕದಿಯುವವನಿಗೆ. ಈ ಪದ್ಧತಿಗೆ ಗುಟ್ಟಿನ ಅಗತ್ಯವೇ ಇರಲಿಲ್ಲ. ಅಪಹರಣದ ಕತೆಗೆ ಒಬ್ಬ ಅಪರಾಧಿ ಬೇಕು, ಅವನು ಕೊನೆಗೆ ಸಿಕ್ಕಿಬೀಳಬೇಕು. ಕೊನೆಯ ಅಧ್ಯಾಯಗಳಲ್ಲಿ ಹರ್ ಆ ಕಟ್ಟುಪಾಡಿಗೆ ತಲೆಬಾಗಿದ್ದಾರೆ. ಕೊಲೆಗಾರ ಯಾರೆಂದು ನಾನಿಲ್ಲಿ ಹೇಳುವುದಿಲ್ಲ. ತನ್ನ ಮಗಳನ್ನು ಉಳಿಸಿಕೊಳ್ಳಲು ಪರರ ಮಗಳನ್ನು ಬಲಿಕೊಡಬಲ್ಲ ಪ್ರೀತಿ ಅವನ ಪಾಪದ ಬೇರು ಎಂಬಷ್ಟನ್ನು ಹೇಳಿದರೆ ಸಾಕು. ಇದು ತೀಕ್ಷ್ಣವಾದ ಕಲ್ಪನೆ. ಪದ್ಧತಿ ತನ್ನ ಬಲಿಪಶುಗಳನ್ನೇ ಕಟುಕರನ್ನಾಗಿಸುವ ಬಗೆ ಇಲ್ಲಿ ಕಾಣುತ್ತದೆ. ಆದರೆ ಮುಖವಾಡ ಕಳಚಿದೊಡನೆ ಓದುಗನಿಗೆ ಒಂದು ನಿರಾಳ ಸಿಗುತ್ತದೆ, ಆ ನಿರಾಳವೇ ಸುಳ್ಳು. ಒಬ್ಬ ಸಿಕ್ಕಿಬಿದ್ದ. ಹಡಗುಗಳು, ದೂತರು, ಮದುವೆ ನಿಷೇಧದ ಆಜ್ಞೆಗಳು ಹಾಗೇ ಇವೆ. ಮರುವರ್ಷವೇ ಹಾನ್ ಮನೆಯ ತಂಗಿ ಆಯ್ಕೆಯಾಗಲಿದ್ದಾಳೆ.

ಗಾಥಿಕ್ ಪ್ರಕಾರದ ಹುಟ್ಟಿನಲ್ಲೇ ಈ ತೊಡಕಿದೆ. 1764ರಲ್ಲಿ ಹೊರಾಸ್ ವಾಲ್ಪೋಲ್ ಬರೆದ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಅದರ ಮೊದಲ ಕೃತಿ ಎನ್ನುತ್ತಾರೆ. ಅಲ್ಲಿಂದ ಬಂದ ವಾಡಿಕೆಯೆಂದರೆ ಪಾಪವನ್ನು ಒಂದು ಜಾಗಕ್ಕೆ ಕಟ್ಟಿಹಾಕುವುದು: ಒಂದು ಕೋಟೆ, ಒಂದು ಮನೆತನ, ಒಂದು ದ್ವೀಪ. ಹುಡುಗಿ ಆ ಜಾಗದಿಂದ ಪಾರಾದರೆ ಭಯದಿಂದಲೂ ಪಾರಾದಂತೆ. ಜೆಜುವಿನ ಮೇಲೆ ಈ ಅಚ್ಚನ್ನು ಒತ್ತಿದರೆ ಅನ್ಯಾಯವಾಗುತ್ತದೆ. ಹಿಂದೆ ತಮ್ನಾ ಎಂಬ ಸ್ವಂತ ರಾಜ್ಯವಾಗಿದ್ದ ದ್ವೀಪ ಇದು. 1105ರಲ್ಲಿ ಗೊರಿಯೊ ಅದನ್ನು ನೇರ ಆಡಳಿತಕ್ಕೆ ಸೇರಿಸಿಕೊಂಡಿತು, ಮುಂದೆ ಮಂಗೋಲರು ಕುದುರೆಯ ಮೇವುಗಾವಲು ಮಾಡಿಕೊಂಡರು, ಜೋಸನ್ ಅರಸರು ಗಡೀಪಾರಾದವರನ್ನು ಅಲ್ಲಿಗೆ ಅಟ್ಟಿದರು. ಕುದುರೆ, ಕಿತ್ತಳೆ, ಸಮುದ್ರದ ಚಿಪ್ಪುಮಾಂಸ ಎಲ್ಲವೂ ಅಲ್ಲಿಂದ ರಾಜಧಾನಿಗೆ ಹೋಗಬೇಕಿತ್ತು. 1629ರಿಂದ ಸುಮಾರು ಇನ್ನೂರು ವರ್ಷ ದ್ವೀಪದವರು ಅಪ್ಪಣೆಯಿಲ್ಲದೆ ಹೊರಗೆ ಕಾಲಿಡುವಂತಿರಲಿಲ್ಲ. ಕೇಡು ದ್ವೀಪದ ಮಣ್ಣಿನಲ್ಲಿ ಹುಟ್ಟಿದ್ದಲ್ಲ, ಹಡಗಿನಲ್ಲಿ ಬಂದಿಳಿದದ್ದು. ಕಾದಂಬರಿಯ ಅತ್ಯುತ್ತಮ ಪುಟಗಳು ಇದನ್ನು ಬಲ್ಲವು. ಲಂಚಕೋರ ನ್ಯಾಯಾಧಿಕಾರಿ, ಹೆಣ್ಣುಮಕ್ಕಳನ್ನು ಮರೆಮಾಡುವ ಮನೆಗಳು, ತಿಳಿದೂ ಬಾಯಿ ಬಿಡದ ಹಳ್ಳಿ, ಇವು ಕಾಡಿಗಿಂತ ಹೆಚ್ಚು ಹೆದರಿಸುತ್ತವೆ.

ದೈವಪಾತ್ರಿಯರ ವಿಚಾರದಲ್ಲಿ ವಾಡಿಕೆಯ ಓದು ಇನ್ನಷ್ಟು ಎಡವಿದೆ. ನೊಕ್ಯಂಗ್ ಮತ್ತು ಮೆವೋಲ್ ಅವರನ್ನು ಕತೆಗೆ ನಿಗೂಢತೆಯ ಬಣ್ಣ ಕೊಡಲು ತಂದಿದ್ದಾರೆ ಎಂಬಂತೆ ಮಾತನಾಡುತ್ತಾರೆ. ಭೂತಕೋಲ ನೋಡುತ್ತ ಬೆಳೆದ ನಮ್ಮ ಕರಾವಳಿಯ ಓದುಗರಿಗೆ ಇದರ ಕೊರತೆ ತಟ್ಟನೆ ಗೊತ್ತಾಗುತ್ತದೆ. ದೈವ ಮೈಮೇಲೆ ಬಂದಾಗ ಜನ ಓಡಿಹೋಗುವುದಿಲ್ಲ, ಹತ್ತಿರ ಹೋಗಿ ತಮ್ಮ ದೂರು ಹೇಳಿಕೊಳ್ಳುತ್ತಾರೆ. ಕೊರಿಯಾದ ಗುಟ್ ಆಚರಣೆಯೂ ಬಹುಮಟ್ಟಿಗೆ ಇಂಥದ್ದೇ. ಸತ್ತವರ ಬಾಕಿ ಮಾತನ್ನು ಬದುಕಿರುವವರಿಗೆ ಕೇಳಿಸುವುದು ಅದರ ಕೆಲಸ. ಜೋಸನ್ ಆಡಳಿತ ಈ ಪಾತ್ರಿಯರನ್ನು ರಾಜಧಾನಿಯಿಂದ ಹೊರಗಟ್ಟಲು ನೋಡಿತು, ಜೊತೆಗೆ ಅವರ ಮೇಲೆ ತೆರಿಗೆಯನ್ನೂ ಹಾಕಿತು.

ಜೆಜುವಿನ ಪುರಾಣಗಳಲ್ಲಿ ಗಮುನ್ಜಾಂಗ್ ಎಂಬ ಕಿರಿಮಗಳ ಕತೆಯಿದೆ. ಯಾರ ಪುಣ್ಯದಿಂದ ಉಣ್ಣುತ್ತೀ ಎಂದು ಹೆತ್ತವರು ಕೇಳಿದಾಗ ತನ್ನದೇ ಪುಣ್ಯದಿಂದ ಎಂದು ಹೇಳಿ ಮನೆಯಿಂದ ಹೊರಬೀಳುತ್ತಾಳೆ. ಕೊನೆಗೆ ಕುರುಡರಾಗಿ ಭಿಕ್ಷೆಗಿಳಿದ ಹೆತ್ತವರಿಗೆ ಕಣ್ಣು ಮರಳುವುದು ಅವಳ ಮನೆಯಲ್ಲೇ. ಕೊರಿಯಾದ ಒಳನಾಡಿನ ಬಾರಿ ರಾಜಕುಮಾರಿಯೂ ಹೆತ್ತವರು ಎಸೆದ ಏಳನೇ ಮಗಳು, ಮುಂದೆ ಪಾತ್ರಿಯರ ಮೂಲದೇವತೆ. ಮೆವೋಲ್ ಈ ಸಾಲಿನ ಹುಡುಗಿ. ಅಪ್ಪ ಬಿಟ್ಟುಹೋದ ಮಗಳಿಗೆ ಸಿಟ್ಟಾಗುವ ಅಧಿಕಾರವನ್ನು ಕೊಡುವುದು ದ್ವೀಪದ ಈ ಜಾನಪದ. ಅಪ್ಪನನ್ನು ಪೂಜಿಸುವ ಅಕ್ಕನಿಗಿಂತ ಅವಳು ಸತ್ಯವನ್ನು ಬೇಗ ಗುರುತಿಸುತ್ತಾಳೆ. ಇದು ಅತೀಂದ್ರಿಯ ಶಕ್ತಿಯಲ್ಲ, ತಿರಸ್ಕಾರ ಉಂಡವಳ ತಿಳಿವಳಿಕೆ. ವಿಮರ್ಶಕರು ಇದನ್ನು ಮಂಜಿನ ಲೆಕ್ಕಕ್ಕೆ ಜಮಾ ಮಾಡಿರುವುದು ನನಗೆ ನಿಜಕ್ಕೂ ನೋವು ತರುತ್ತದೆ.

1426ರಲ್ಲಿ ಹೆಣ್ಣೊಬ್ಬಳು ತನಿಖೆಗೆ ಇಳಿಯುವುದು ನಂಬುವಂಥದ್ದಲ್ಲ ಎಂಬ ಆಕ್ಷೇಪವೂ ಇದೆ. ನನ್ನ ಅನುಮಾನ ಇದಕ್ಕೆ ವಿರುದ್ಧ ದಿಕ್ಕಿನದು. ಜೋಸನ್‌ನ ಮೊದಲ ಶತಮಾನಗಳಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿತ್ತು. ಕನ್‌ಫ್ಯೂಷಿಯಸ್ ಪಂಥದ ಬಿಗಿ ಮನೆಯೊಳಗೆ ಪೂರ್ತಿಯಾಗಿ ಕೂತದ್ದು ಹದಿನೇಳನೇ ಶತಮಾನದ ಹೊತ್ತಿಗೆ. ಹ್ವಾನಿ ಪುಟಪುಟಕ್ಕೂ ವಿಧೇಯತೆಯ ಪಾಠ ನೆನೆಸಿಕೊಳ್ಳುವಾಗ ಮುಂದಿನ ಕಾಲದ ಬಿಗಿಯನ್ನು ಹಿಂದಿನ ಕಾಲಕ್ಕೆ ತೊಡಿಸಿದಂತೆ ಕಾಣುತ್ತದೆ. ಹರ್ ಅವಳಿಗೆ ಹೆಚ್ಚು ಸ್ವಾತಂತ್ರ್ಯ ಕೊಟ್ಟಿಲ್ಲ, ಇದ್ದದ್ದಕ್ಕಿಂತ ಕಡಿಮೆ ಕೊಟ್ಟಿರಬಹುದು.

ಇದು ಹದಿಹರೆಯದವರಿಗೆ ಭಾರವಾದ ವಸ್ತು ಎನ್ನುವವರಿಗೆ ಒಂದೇ ಉತ್ತರ. 1408ರಲ್ಲಿ ಮೊದಲ ಸಲ ಹೋದ ಐವರು ಕನ್ಯೆಯರಲ್ಲಿ ಹಿರಿಯಳಿಗೆ 18 ವರ್ಷ, ಕಿರಿಯಳಿಗೆ 14. ಇದು ಆ ವಯಸ್ಸಿನವರ ಇತಿಹಾಸ. ಅದನ್ನು ಮೊದಲು ಓದುವ ಹಕ್ಕು ಅವರದೇ.

ಕೊರಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿರುವ ಹರ್ ಆಮೇಲೆ ಬರೆದ 'ದಿ ರೆಡ್ ಪ್ಯಾಲೇಸ್' 2023ರಲ್ಲಿ ಎಡ್ಗರ್ ಪ್ರಶಸ್ತಿ ಪಡೆಯಿತು. ಪತ್ತೇದಾರಿಯ ಕಟ್ಟಡ ಅದರಲ್ಲಿ ಹೆಚ್ಚು ಗಟ್ಟಿ. ಆದರೂ ಅವರ ಬರಹದಲ್ಲಿ ನನಗೆ ಮುಖ್ಯವಾದದ್ದು ಜೆಜುವಿನ ಈ ಕಾದಂಬರಿಯೇ. ಮುಖವಾಡವನ್ನೂ ಅರ್ಧದಷ್ಟು ಮಂಜನ್ನೂ ಕಳೆದರೆ ಇದು ಇನ್ನೂ ದೊಡ್ಡ ಪುಸ್ತಕವಾಗುತ್ತಿತ್ತು. ಈಗಿರುವಂತೆಯೂ ಓದಲೇಬೇಕಾದ ಪುಸ್ತಕ. ಕೈಗೆತ್ತಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ: ಕೊನೆಯಲ್ಲಿರುವ ಚಾರಿತ್ರಿಕ ಟಿಪ್ಪಣಿಯನ್ನು ಮೊದಲು ಓದಿ, ಆಮೇಲೆ ಮೊದಲ ಅಧ್ಯಾಯಕ್ಕೆ ಬನ್ನಿ.