ಮುಚ್ಚುವ ಗುರುತು ಎಲ್ಲಿದೆ?

ರಮಝಾನ್ ಬಂತೆಂದರೆ ನಮ್ಮ ಊರುಗಳ ಬಟ್ಟೆ ಅಂಗಡಿಯವರು, ಬೇಕರಿಯವರು ಸಹರಿ-ಇಫ್ತಾರ್ ವೇಳಾಪಟ್ಟಿಯ ಕಾರ್ಡು ಅಚ್ಚು ಹಾಕಿಸಿ ಹಂಚುತ್ತಾರೆ. ಮೇಲೆ ದುಆ, ನಡುವೆ ದಿನದಿನದ ಸಮಯ, ಅಡಿಯಲ್ಲಿ ಅಂಗಡಿಯ ಹೆಸರು. ಆ ಹೆಸರು ಇಡೀ ತಿಂಗಳು ಅಡುಗೆಮನೆಯ ಗೋಡೆಯ ಮೇಲಿರುತ್ತದೆ. ಅದು ಸಮಯದ ಮೇಲೆ ಹತ್ತಿ ಕೂತಿಲ್ಲ, ಕೆಳಗೆ ನಿಂತಿದೆ. ಅದಕ್ಕೇ ಯಾರೂ ಅದನ್ನು ಹರಿದು ಬಿಸಾಡುವುದಿಲ್ಲ.

ಅದೇ ಸಮಯವನ್ನು ಮೊಬೈಲಿನಲ್ಲಿ ಹುಡುಕಿ ನೋಡಿ. ಮಗ್ರಿಬ್‌ಗೆ ಎರಡು ನಿಮಿಷವಿದೆ. ಸೂಚನೆ ಕಳಿಸಲೇ ಎಂದು ಒಂದು ಪೆಟ್ಟಿಗೆ ಕೇಳುತ್ತದೆ, ನೀವೆಲ್ಲಿದ್ದೀರಿ ಎಂದು ಇನ್ನೊಂದು. ಆಮೇಲೆ ಪರದೆ ತುಂಬ ಸಾಲದ ಜಾಹೀರಾತು. ಅದನ್ನು ಮುಚ್ಚುವ ಗುರುತು ಸಾಸಿವೆ ಕಾಳಿನಷ್ಟು, ಬಿಳಿಯ ಮೇಲೆ ಬೂದು ಬಣ್ಣ. ಬೆರಳು ಜಾರಿ ಸಾಲದ ಅರ್ಜಿಯೇ ತೆರೆದುಕೊಳ್ಳುತ್ತದೆ, ಅದೂ ಇಂಗ್ಲಿಷಿನಲ್ಲಿ. ಹಿಂದಿರುಗಿದರೆ ತಡವಾಗಿ ಬಂದ ಇನ್ನೊಂದು ಜಾಹೀರಾತು ಪುಟವನ್ನೇ ಕೆಳಗೆ ತಳ್ಳಿ, ನೀವು ನಾಳೆಯ ಸಾಲನ್ನು ಓದುತ್ತಿರುತ್ತೀರಿ. ಅಷ್ಟರಲ್ಲಿ ಮಸೀದಿಯಿಂದ ಅಝಾನ್ ಕೇಳಿಸುತ್ತದೆ, ಪುಣ್ಯ!

ಹೀಗೆ ಜಾರಿದ ಬೆರಳು ಲೆಕ್ಕದ ಪುಸ್ತಕದಲ್ಲಿ 'ಆಸಕ್ತ ಗ್ರಾಹಕ'ನಾಗಿ ದಾಖಲಾಗಬಹುದು. ಒತ್ತಿದ್ದಕ್ಕೆ ಇಷ್ಟೆಂದು ಹಣ ಕೊಡುವ ಪದ್ಧತಿಯಲ್ಲಿ ಓದುಗನ ಸಿಟ್ಟಿಗೂ ಜಾಹೀರಾತುದಾರನೇ ಹಣ ತೆರಬೇಕು. ಆಕಸ್ಮಿಕ ಒತ್ತುಗಳನ್ನು ಸೋಸಿ ತೆಗೆಯುತ್ತೇವೆ ಎಂದು ಕಂಪನಿಗಳು ಹೇಳುತ್ತವೆ. ಆದರೆ ಆ ಸಿಟ್ಟನ್ನು ಸೋಸುವ ಜರಡಿ ಯಾರ ಬಳಿಯೂ ಇಲ್ಲ.

ಈ ಕಾಟಕ್ಕೊಂದು ಚರಿತ್ರೆಯಿದೆ. ಪಟ್ಟಿ ಜಾಹೀರಾತು 1994ರಲ್ಲಿ ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಬಂದಾಗ ಜನ ಕುತೂಹಲದಿಂದಲೇ ಒತ್ತಿದರು. ಅದೇ ದಶಕದಲ್ಲಿ ಟ್ರೈಪಾಡ್ ಎಂಬ ತಾಣದಲ್ಲಿದ್ದ ಈಥನ್ ಜುಕರ್‌ಮನ್ ತಾನಾಗಿ ನೆಗೆದು ಬರುವ ಕಿಟಕಿಯನ್ನು ರೂಪಿಸಿದರು. ಕಾರು ಕಂಪನಿಯೊಂದರ ಜಾಹೀರಾತು ಅಶ್ಲೀಲ ಪುಟದಲ್ಲಿ ಕಾಣಿಸಿಕೊಂಡು ರಂಪವಾಗಿತ್ತು. ಪುಟಕ್ಕೂ ಜಾಹೀರಾತಿಗೂ ನಂಟಿಲ್ಲವೆಂದು ತೋರಿಸಲು ಈ ಉಪಾಯ. ಅಂದರೆ ಜಾಹೀರಾತುದಾರನ ಮಾನ ಉಳಿಸಲು ಹುಟ್ಟಿದ್ದೇ ಅವನ ಮಾನ ಕಳೆಯಿತು. 2014ರಲ್ಲಿ ಜುಕರ್‌ಮನ್ ಬರೆದೇ ಕ್ಷಮೆ ಕೇಳಿದರು. ಅದಕ್ಕೂ ಹತ್ತು ವರ್ಷ ಮೊದಲೇ, 2004ರಲ್ಲಿ, ವಿಂಡೋಸ್ ಎಕ್ಸ್‌ಪಿಯ ಬ್ರೌಸರಿಗೆ ಆ ಕಿಟಕಿಗಳನ್ನು ತಡೆಯುವ ಬಾಗಿಲು ಬಂದಿತ್ತು. 2018ರಲ್ಲಿ ಗೂಗಲ್ ತನ್ನ ಕ್ರೋಮ್‌ನಲ್ಲಿ ಅತಿರೇಕದ ಜಾಹೀರಾತಿರುವ ತಾಣಗಳಿಗೆ ತಡೆ ಹಾಕತೊಡಗಿತು. ಜಾಹೀರಾತಿನಿಂದಲೇ ಬದುಕುವ ಕಂಪನಿ ಜಾಹೀರಾತಿನ ಪೊಲೀಸನೂ ಆಯಿತು. ಇದು ನನಗೆ ಅಷ್ಟೇನೂ ಸಮಾಧಾನ ತರುವ ವಿಷಯವಲ್ಲ.

ಜಾಹೀರಾತೇ ಬೇಡವೆನ್ನಲು ನಾನು ತಯಾರಿಲ್ಲ. ನಮ್ಮ ಮಾಸಿಕಗಳೂ ಹಿಂಬದಿಯ ರಕ್ಷಾಪುಟವನ್ನು ನೆಚ್ಚಿಕೊಂಡವೇ. ಆದರೆ ರಕ್ಷಾಪುಟ ಕತೆಯ ನಡುವೆ ನುಗ್ಗುವುದಿಲ್ಲ. ಕತೆಯಲ್ಲಿ ತಾಯಿ ಮಗನ ಕಾಗದ ಒಡೆಯುತ್ತಾಳೆ, ಅಲ್ಲೊಂದು ಮೌನ ಬೇಕು. ಜಾಲತಾಣದ ಕತೆಯಲ್ಲಿ ಆ ಜಾಗಕ್ಕೆ ಕೂದಲೆಣ್ಣೆ ಬಂದು ಕೂರುತ್ತದೆ. ಸಣ್ಣ ಕನ್ನಡ ತಾಣಕ್ಕೆ ಪುಟವೊಂದಕ್ಕೆ ಸಿಗುವ ಕಾಸು ಕಡಿಮೆ, ಹಾಗಾಗಿ ಇನ್ನೆರಡು ಜಾಹೀರಾತು ತುರುಕುತ್ತಾರೆ. ಓದುಗ ಓಡುತ್ತಾನೆ. ಓಡಿದವನ ನಷ್ಟ ತುಂಬಲು ಮತ್ತೆರಡು. ಕಡಿಮೆ ಬೆಲೆಯ ಫೋನು, ಎಣಿಸಿ ಹಾಕಿಸಿದ ಡೇಟಾ ಇರುವವನೇ ಮೊದಲು ಹೋಗುವವನು. ನಾವು ಯಾರಿಗಾಗಿ ಬರೆಯುತ್ತೇವೆಂದು ಹೇಳಿಕೊಳ್ಳುತ್ತೇವೋ, ಅವನೇ.

ಕೇಂದ್ರ ಸರ್ಕಾರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಪದೇ ಪದೇ ಕಾಡುವುದು, ಜಾಹೀರಾತನ್ನು ಸುದ್ದಿಯ ವೇಷದಲ್ಲಿ ತೋರಿಸುವುದು ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಮಾರ್ಗಸೂಚಿಯ ಸುದ್ದಿಯನ್ನು ನಾನು ಓದಿದ್ದು ಒಂದು ಜಾಲತಾಣದಲ್ಲೇ. ಅದರ ಕೆಳಗೆ, ಸುದ್ದಿಯದೇ ಅಕ್ಷರ, ಸುದ್ದಿಯದೇ ಚೌಕಟ್ಟಿನಲ್ಲಿ, ಮಂಡಿನೋವಿನ ಔಷಧಿಯೊಂದು ಮಲಗಿತ್ತು.