ಸೊಗಡವರೆಯ ಹಿದುಕಿದ ಬೇಳೆ ಸಾರು

ಧನುರ್ಮಾಸದ ಚಳಿ ನೆಲೆಗೊಳ್ಳುವ ವೇಳೆಗೆ, ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯನ್ನು ಹಾದು ಹೊಸಕೋಟೆಯವರೆಗೆ ಹಬ್ಬಿರುವ ಹೊಲಗಳಲ್ಲಿ ರಾಗಿಯ ಕೊಯ್ಲು ಮುಗಿದು, ಅದರ ನಡುವೆ ಅಕ್ಕಡಿಸಾಲಿನಲ್ಲಿ ಬಿತ್ತಿದ್ದ ಅವರೆಯೊಂದೇ ಇಬ್ಬನಿಯಲ್ಲಿ ನೆನೆಯುತ್ತ ನಿಂತಿರುತ್ತದೆ. ಮುಂಗಾರಿನಲ್ಲಿ ರಾಗಿಯೊಡನೆಯೇ ಮಣ್ಣಿಗೆ ಬಿದ್ದರೂ, ಹಗಲು ಕಿರಿದಾಗಿ ಇರುಳು ದೀರ್ಘವಾಗುವವರೆಗೆ ಹೂವನ್ನೇ ಬಿಡದಿರುವುದು ನಾಟಿ ಅವರೆಯ ಸ್ವಭಾವ. ಆದುದರಿಂದ ಹಿದುಕಿದ ಬೇಳೆ ಸಾರು ಚಳಿಗಾಲದ ಅಡುಗೆಯಾದದ್ದು ಮನುಷ್ಯನ ಇಚ್ಛೆಯಿಂದಲ್ಲ, ಗಿಡದ ನಿಯಮದಿಂದ.

1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಮುಂತಾದ ತಳಿಗಳನ್ನು ರೂಪಿಸಿದ ಮೇಲೆ, ಹಗಲಿರುಳುಗಳ ಪ್ರಮಾಣವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಾದರೂ ಅವರೆಯನ್ನು ಬೆಳೆಯುವುದು ಸಾಧ್ಯವಾಯಿತು. ರೈತನಿಗೆ ಅದು ಮಹೋಪಕಾರವೇ ಸರಿ. ಆದರೂ ಬೇಸಗೆಯ ಅವರೆಯಿಂದ ಈ ಸಾರನ್ನು ಮಾಡತಕ್ಕದ್ದಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಸಾರಿನ ಪ್ರಾಣವಾದ ಸೊಗಡು ಚಳಿಯ ಕಾಯಿಯಲ್ಲಿ ತುಂಬಿರುವಂತೆ ಬೇರೆ ಯಾವ ಕಾಲದ ಕಾಯಿಯಲ್ಲಿಯೂ ತುಂಬಿರುವುದಿಲ್ಲ. 2007ರವರೆಗೆ ದೊಡ್ಡಬಳ್ಳಾಪುರ, ಹೊಸಕೋಟೆಗಳಿರುವ ಈ ಜಿಲ್ಲೆಗೇ ಸೇರಿದ್ದ ಮಾಗಡಿಯ ಅವರೆಗೆ ಪ್ರಸಿದ್ಧಿ ಬಂದಿರುವುದೂ ಈ ಸೊಗಡಿನಿಂದಲೇ.

ಸೊಗಡಿನ ನೆಲೆ ಕಾಯಿಯ ಹೊರಸಿಪ್ಪೆ. ಅಲ್ಲಿ ಒಸರುವ ಎಣ್ಣೆಯಂಥ ಜಿಡ್ಡೇ ಆ ಪರಿಮಳದ ಮೂಲ. ಕಾಯಿ ಬಿಡಿಸುವವರ ಬೆರಳುಗಳಿಗೆ ಅಂಟಿ, ಬೆರಳುಗಳಿಂದ ಕಾಳಿಗೆ ಹತ್ತಿ, ಅದು ಅಡುಗೆಮನೆಯನ್ನೆಲ್ಲ ವ್ಯಾಪಿಸುತ್ತದೆ. ಆದಕಾರಣ ಕಾಯಿಯನ್ನೇ ತಂದು ಮನೆಯಲ್ಲಿ ಬಿಡಿಸಬೇಕಲ್ಲದೆ, ಹಿದುಕಿ ನೀರಿನಲ್ಲಿಟ್ಟು ಮಾರುವ ಬೇಳೆಯನ್ನು ಕೊಳ್ಳಲಾಗದು. ಅದರಲ್ಲಿ ಶ್ರಮ ಉಳಿಯುತ್ತದೆ, ಆದರೆ ಯಾವುದಕ್ಕಾಗಿ ಸಾರು ಮಾಡುತ್ತೇವೆಯೋ ಅದು ನೀರಿನ ಪಾಲಾಗಿರುತ್ತದೆ. ಕೊಳ್ಳುವಾಗ ಒಂದು ಕಾಯಿಯನ್ನು ಉಜ್ಜಿ ಮೂಸಿ ನೋಡುವುದು ಸಂತೆಯಲ್ಲಿ ಯಾರೂ ಆಕ್ಷೇಪಿಸದ ಪರೀಕ್ಷೆ. ಹುಳುವಿರುವುದು ಸಹಜ, ಬಿಡಿಸುವಾಗ ನೋಡಿಕೊಂಡರಾಯಿತು. ಸಿಪ್ಪೆ ಹಸುವಿಗೆ ಸಲ್ಲುತ್ತದೆ.

ಬಲಿತ, ಆದರೆ ಒಣಗದ ಕಾಳನ್ನು ಕೆಲವು ಗಂಟೆಗಳ ಕಾಲ ನೀರಿನಲ್ಲಿ ನೆನೆಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲನೆ ಒತ್ತಿದರೆ ತೊಗಲು ಕೈಯಲ್ಲುಳಿದು ಬೇಳೆ ಜಾರಿ ಬೀಳುತ್ತದೆ. ಇದು ಒಬ್ಬರ ಕೆಲಸವಲ್ಲ. ಅಜ್ಜಿಯಿಂದ ಮೊದಲ್ಗೊಂಡು ಶಾಲೆಯಿಂದ ಬಂದ ಮಕ್ಕಳವರೆಗೆ ಮನೆಮಂದಿಯೆಲ್ಲ ಒಂದೇ ಪಾತ್ರೆಯ ಸುತ್ತ ಕುಳಿತು ಹಿದುಕಬೇಕಾದ ಈ ಕೆಲಸದಷ್ಟು ನಿರಾಯಾಸವಾಗಿ ಮಾತು ಬೆಳೆಸುವ ಮತ್ತೊಂದು ಗೃಹಕೃತ್ಯವನ್ನು ನಾನು ಕಾಣೆ.

ನಾಲ್ವರಿಗೆ 2 ಲೋಟ ಬೇಳೆ ಸಾಕು. ಒಂದು ಈರುಳ್ಳಿ, 6 ಬ್ಯಾಡಗಿ ಮೆಣಸಿನಕಾಯಿ, 2 ಚಮಚ ಧನಿಯ, 8 ಎಸಳು ಬೆಳ್ಳುಳ್ಳಿ, ಸಣ್ಣ ಚೂರು ಶುಂಠಿ, 2 ಲವಂಗ, ಬೆರಳಿನ ಗೆಣ್ಣಿನಷ್ಟು ಚಕ್ಕೆ, ಒಂದು ಚಮಚ ಗಸಗಸೆ ಇವುಗಳನ್ನು ಹದವಾಗಿ ಹುರಿದು, ಅರ್ಧ ಲೋಟ ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಬೇಕು. ಸಾಸಿವೆ, ಕರಿಬೇವಿನ ಒಗ್ಗರಣೆಯಲ್ಲಿ ಹೆಚ್ಚಿದ ಈರುಳ್ಳಿ, ಟೊಮೇಟೊ ಬಾಡಿಸಿ, ಬೇಳೆ ಹಾಕಿ ಎರಡು ಸಲ ಕೈಯಾಡಿಸಿ, ನೀರೆರೆದು ಮುಕ್ಕಾಲು ಭಾಗ ಬೇಯಿಸಿದ ಮೇಲೆಯೇ ರುಬ್ಬಿದ ಖಾರವನ್ನು ಬೆರೆಸುವುದು ಲೇಸು. ಕುಕ್ಕರಿನ ಸಹವಾಸ ಬೇಡ. ಹಸಿ ಬೇಳೆ ತೆರೆದ ಪಾತ್ರೆಯಲ್ಲಿ ಬೇಗನೆ ಬೇಯುತ್ತದೆ, ಕುಕ್ಕರಿನಲ್ಲಿ ಕರಗಿ ಗಂಜಿಯಾಗುತ್ತದೆ. ಬೇಳೆ ಇಡಿಯಾಗಿದ್ದು, ಬೆರಳಿನಿಂದ ಒತ್ತಿದಾಗ ಮಾತ್ರ ಬೆಣ್ಣೆಯಂತೆ ಮಣಿಯಬೇಕು.

ಚಕ್ಕೆ ಲವಂಗಗಳ ಪ್ರಮಾಣವನ್ನು ನಾನು ಬೇಕೆಂದೇ ಕಿರಿದಾಗಿಸಿದ್ದೇನೆ. ಮಾಂಸದ ಸಾರಿಗೆ ಹಾಕುವಷ್ಟು ಮಸಾಲೆಯನ್ನು ಇದಕ್ಕೂ ಸುರಿದು, ಅದರ ಘಾಟಿನಲ್ಲಿ ಸೊಗಡನ್ನು ಹೂತುಹಾಕುವ ಪದ್ಧತಿ ಈಚೆಗೆ ಹೋಟೆಲುಗಳಲ್ಲಿ ಬೆಳೆದುಬಂದಿದೆ. ಅಂಥ ಸಾರಿಗೆ ಒಣ ಬಟಾಣಿಯಾದರೂ ನಡೆದೀತು, ಅವರೆಯನ್ನು ಏಕೆ ಹಾಳುಮಾಡಬೇಕು?

ರಾತ್ರಿಯ ಊಟಕ್ಕೆ ಇದರ ಜೊತೆ ಬಿಸಿ ರಾಗಿಮುದ್ದೆ, ಮೇಲೊಂದು ಚಮಚ ತುಪ್ಪ. ಮಿಕ್ಕದ್ದು ಬೆಳಗಿನ ವೇಳೆಗೆ ಗಟ್ಟಿಯಾಗಿ, ಅಕ್ಕಿರೊಟ್ಟಿಗೆ ಇನ್ನೂ ಹೆಚ್ಚು ಒಗ್ಗುತ್ತದೆ. ಆಗ ಸ್ವಲ್ಪ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಬೇಕೇ ಹೊರತು ಮತ್ತೆ ಕುದಿಸಬಾರದು.